ಪಂಪಾಪತಿ ಮಾವನ ನೈಲಾನ್ ಹಲ್ಲುಗಳು

ಮೊನ್ನೆ ಬಳ್ಳಾರಿಯಲ್ಲಿ ಪ್ಲಾಸ್ಟಿಕ್ಕನ್ನು ಬೈಯುವ ಸಭೆಯೊಂದು ನಡೆಯಿತು. ನಿವೃತ್ತ ಶಿಕ್ಷಕಿಯರಿಗೆ ಮನೆಯಲ್ಲಿ ಏನೂ ಕೆಲಸವಿರುವುದಿಲ್ಲ ಎಂಬ ನಂಬಿಕೆ ಊರಲ್ಲೆಲ್ಲ ಇರುವುದರಿಂದ ನನ್ನನ್ನೂ ಕರೆದು ವೇದಿಕೆಯ ಮೇಲೆ ಕೂರಿಸಿದ್ದರು. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ; ಕುರ್ಚಿ, ಬ್ಯಾನರು, ಮೈಕಿನ ಹಿಡಿಕೆ ಎಲ್ಲವೂ ಕಾದು ಒಂದು ವಾಸನೆ ಏಳುತ್ತಿತ್ತು. ಮುಖ್ಯ ಅತಿಥಿಗಳು ‘ಪ್ಲಾಸ್ಟಿಕ್ ಎಂಬ ರಾಕ್ಷಸ’ ಎಂದು ಗುಡುಗುತ್ತಿದ್ದರು. ಆ ರಾಕ್ಷಸ ಅವರ ಕನ್ನಡಕದಲ್ಲಿ ಗಾಜಿನ ಜಾಗ ಹಿಡಿದಿದ್ದ, ಕಟ್ಟಿಸಿಕೊಂಡ ಹಲ್ಲಿಗೆ ವಸಡಾಗಿ ಅವರ ಬಾಯಲ್ಲೇ ಕೂತಿದ್ದ. ಅತಿಥಿಗಳಿಗೆ ಅದರ ಸುಳಿವಿರಲಿಲ್ಲ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿ, “ಯಾಕ್ರೀ ಮೇಡಂ, ನಗಾಕತ್ತೀರಿ?” ಎಂದರು. ಆ ಕಾದ ವಾಸನೆ ನನ್ನನ್ನು ಸೀದಾ ಪಂಪಾಪತಿ ಮಾವನ ಅಂಗಡಿಗೆ ಕರೆದೊಯ್ದಿತ್ತು.

ಪಂಪಾಪತಿ ನನ್ನ ಸೋದರಮಾವ. ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂಬುದು ನನ್ನ ಮಾತು, ಮಕ್ಕಳ ಅಭಿಪ್ರಾಯ ಬೇರೆ ಇತ್ತು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಬಳ್ಳಾರಿಗೆ ಬಂದರೆ ಸೋಮವಾರದವರೆಗೆ ಮಾವನ ಮನೆಯೇ ನನ್ನ ಮನೆ. ಮಾವ ಡಿಪ್ಲೊಮಾ ಮುಗಿಸಿ ಮದ್ರಾಸಿನ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಕೊರೆಯುವ ಯಂತ್ರ ಒಂದು ಲೇತು ಮತ್ತು ಒಂದು ಭಾಷಣ ತಂದಿದ್ದ. ಲೇತು ಕೆಡುತ್ತಿತ್ತು, ಭಾಷಣ ಎಂದೂ ಕೆಡಲಿಲ್ಲ.

ಅಂಗಡಿಯ ಗೋಡೆಗೆ ಬಿಳಿ, ಹಳದಿ, ಕರಿ ರಾಡುಗಳನ್ನು ಒರಗಿಸಿಟ್ಟಿದ್ದ. ಅವನ್ನು ಕೊರೆದು ಯಂತ್ರಗಳಿಗೆ ಬುಷ್ಷು, ಗೇರು, ಗಾಲಿ ಮಾಡಿಕೊಡುವುದು ಅವನ ಕೆಲಸ. ಬಳ್ಳಾರಿಯವರು ಒಳಗೆ ಬಂದು ಕೇಳುತ್ತಿದ್ದುದು ಮಾತ್ರ ಬಕೀಟು.

“ಬಕೀಟಿಲ್ಲ, ಬಾಚಣಿಕಿ ಇಲ್ಲ, ಬಳಿ ಇಲ್ಲ,” ಎಂದು ಮಾವ ಕೂತಲ್ಲಿಂದಲೇ ಅನ್ನುತ್ತಿದ್ದ. “ಇದು ಇಂಜಿನಿಯರಿಂಗ್ ಪ್ಲಾಸ್ಟಿಕ್ಕು.”

“ಏನಾರ ಆಗ್ಲಿ, ಒಂದು ಮಗ್ಗಾರ ಕೊಡ್ರಿ.”

ಮಾವ ಆ ಗಿರಾಕಿಯನ್ನು ಹುಳವನ್ನು ನೋಡುವಂತೆ ನೋಡುತ್ತಿದ್ದ. ಗಿರಾಕಿಯೂ ಮಾವನನ್ನು ಹಾಗೇ ನೋಡಿ ಹೋಗುತ್ತಿದ್ದ. ತಿರಸ್ಕಾರದ ವ್ಯಾಪಾರ ಆ ಅಂಗಡಿಯಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಬೇರೆ ವ್ಯಾಪಾರ ಅಷ್ಟಕ್ಕಷ್ಟೇ.

ಗಿರಾಕಿ ಹೋದಮೇಲೆ ಭಾಷಣದ ಭಾರವೆಲ್ಲ ನನ್ನ ತಲೆಯ ಮೇಲೆ. “ಕಾಸಿದ್ರ ಕರಗಬೇಕು, ಆರಿದ್ರ ಗಟ್ಟಿಯಾಗಬೇಕು, ತಿರುಗಿ ಕಾಸಿದ್ರ ತಿರುಗಿ ಕರಗಬೇಕು. ಅದು ನಮ್ಮ ಜಾತಿ. ನಿಮ್ಮ ಸಾಲಿ ಸ್ವಿಚ್ಚಿನಾಗ ಬೇಕಲೈಟು ಇರ್ತೈತಲ್ಲ, ಅದು ಸುಟ್ಟು ಕರ‍್ರಗಾಗ್ತೈತಿ, ಕರಗಂಗಿಲ್ಲ. ಅದು ನಮ್ಮ ಪೈಕಿ ಅಲ್ಲ.” ನಂಟಸ್ತನ ಗೊತ್ತು ಮಾಡುವ ಹಿರಿಯನ ಹಾಗೆ ಒಂದೊಂದು ರಾಡಿನ ಗುಣ ಹೇಳುತ್ತಿದ್ದ. “ಈ ಟೆಫ್ಲಾನು ಆಫೀಸರ ಇದ್ದಂಗ. ಇದಕ್ಕ ಏನೂ ಅಂಟಂಗಿಲ್ಲ, ಬೆಂಕಿಗೂ ಲಗೂನ ಬಗ್ಗಂಗಿಲ್ಲ. ಆದ್ರ ಭಾರ ಹೇರಿ ನೋಡು, ಮೆಲ್ಲಕ ಹರಡಿಕೆಂಡು ಜಾಗ ಬಿಡ್ತೈತಿ. ಈ ನೈಲಾನು ಗೌಡ್ರ ಮನಿ ಎತ್ತು. ಎಣ್ಣಿ ಕೇಳಲಾರ್ದ ದುಡೀತೈತಿ, ಸಪ್ಪಳ ಮಾಡಂಗಿಲ್ಲ, ಧೂಳಿಗೆ ಅಂಜಂಗಿಲ್ಲ. ಒಂದೇ ಚಟ, ನೀರು ಕುಡೀತೈತಿ. ಕುಡಿದು ಉಬ್ಬತೈತಿ. ಅದಕ್ಕ ಕೂಡ್ರಿಸೋವಾಗ ಒಂದೀಟು ಸಡಿಲ ಬಿಡಬೇಕು.” ಈ ಕೊನೆಯ ಮಾತನ್ನು ಅವನು ನನಗೆ ಪ್ರತಿ ಶನಿವಾರ ಹೇಳಿದ್ದಾನೆ. ನೆನಪಿರಲಿ.

ಒಂದು ದಿನ ಕಂಟ್ರಾಕ್ಟರರೊಬ್ಬರ ಮುಂದೆ ಪಾಲಿಕಾರ್ಬೊನೇಟ್ ಹಾಳೆಯನ್ನಿಟ್ಟು, “ಗಾಜಿನಂಗ ಕಾಣ್ತೈತಿ, ಸುತ್ತಿಗಿ ತಗಂಡು ಹೊಡೀರಿ” ಎಂದ. ಅವರು ಹೊಡೆದರು, ಸುತ್ತಿಗೆ ಪುಟಿದು ಅವರ ಹಣೆಯ ಹತ್ತಿರ ಬಂತು, ಹಾಳೆಗೆ ಏನೂ ಆಗಲಿಲ್ಲ. ಮಾವನ ಮುಖದಲ್ಲಿ ದಸರಾ. ಅಷ್ಟರಲ್ಲಿ ಕಂಟ್ರಾಕ್ಟರರು ಹಾಳೆಯ ಮೇಲಿನ ಕಲೆ ಒರೆಸಲು ಜೇಬಿನ ಬಟ್ಟೆಯನ್ನು ತಮ್ಮ ಡಬ್ಬಿಯಲ್ಲಿದ್ದ ಬಣ್ಣದ ಥಿನ್ನರಿನಲ್ಲಿ ಅದ್ದಿ ತಿಕ್ಕಿದರು. ನೋಡನೋಡುತ್ತಿದ್ದಂತೆ ಹಾಳೆಯ ತುಂಬ ಕೂದಲೆಳೆಯಂಥ ಬಿರುಕುಗಳು. “ಥಿನ್ನರ್ ಹಚ್ಚತಾರೇನ್ರೀ ಯಾರಾದ್ರೂ?” ಎಂದು ಮಾವ ಅವರನ್ನೇ ಬೈದ. ಅವನ ಸಾಮಾನಿನಲ್ಲಿ ತಪ್ಪಿರುತ್ತಿರಲಿಲ್ಲ. ತಪ್ಪಿದ್ದದ್ದು ಯಾವಾಗಲೂ ಜಗತ್ತಿನಲ್ಲಿ.

ಇಂಥ ಮಾವನನ್ನು ಒಂದೇ ಮಾತಿಗೆ ಕುಗ್ಗಿಸಬಲ್ಲ ಜೀವ ಒಂದಿತ್ತು. ಅದು ನನ್ನ ದೊಡ್ಡವ್ವ ನೀಲಮ್ಮ, ಮೂವರಲ್ಲಿ ಹಿರಿಯಳು. ಗಂಡ ತೀರಿಕೊಂಡ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ದೇಶನೂರು, ಸಿರಿಗೇರಿ ಕಡೆಯಿಂದ ಭತ್ತದ ಗಾಡಿಗಳು ಅವಳ ಅಂಗಳಕ್ಕೆ ಬರುತ್ತಿದ್ದವು. ತೂಕದಲ್ಲಿ ಅವಳು ಎಂದೂ ಮೋಸ ಮಾಡಲಿಲ್ಲ, ಬೈಗುಳದಲ್ಲಿ ಎಂದೂ ಕಡಿಮೆ ಅಳೆಯಲಿಲ್ಲ. ಕನ್ನಡದಲ್ಲಿ ಶುರುವಾದ ಬೈಗುಳ ಜೋರಾದಂತೆ ತೆಲುಗಿಗೆ ಹೊರಳುತ್ತಿತ್ತು. ಕನ್ನಡ ಮೇಡಂ ಆದ ನನಗೆ ಅದೊಂದೇ ಬೇಸರ. ತಮ್ಮನನ್ನು ಅವಳು ಕರೆಯುತ್ತಿದ್ದುದೇ ‘ಬಾಚಣಿಕಿ ಸಾವಕಾರ’ ಎಂದು.

ಆದರೂ ಒಮ್ಮೆ ಅವಳ ಗಿರಣಿಗೆ ಬುಷ್ಷು ಹಾಕುವ ಅವಕಾಶ ಮಾವನಿಗೆ ಸಿಕ್ಕಿತು. ಬುಷ್ಷು ಎಂದರೆ ತಿರುಗುವ ದಂಡವನ್ನು ಸುತ್ತಲಿಂದ ಹಿಡಿದುಕೊಂಡಿರುವ ಬಳೆ. ಹಿತ್ತಾಳೆಯ ಬುಷ್ಷುಗಳು ಬೇಗ ಸವೆಯುತ್ತಿದ್ದವು, ಸವೆದವುಗಳಲ್ಲಿ ಅರ್ಧ ಮಾಯವಾಗಿ ಗುಜರಿ ಸೇರುತ್ತಿದ್ದವು. “ನೈಲಾನಾದ್ರ ಯಾರೂ ಕದಿಯಂಗಿಲ್ಲಕ್ಕಾ” ಎಂದು ಮಾವ ಹೇಳಿದ್ದು ಅವಳಿಗೆ ನಾಟಿತು. ನೈಲಾನಿನ ಗುಣಗಳಲ್ಲಿ ಅವಳು ಒಪ್ಪಿಕೊಂಡದ್ದು ಅದೊಂದನ್ನೇ.

ಆ ಭಾನುವಾರ ನಾನೂ ಸಿರುಗುಪ್ಪಕ್ಕೆ ಹೋಗಿದ್ದೆ. ಭತ್ತ ನೆನೆಸಿ ಹಬೆ ಕೊಡುವ ಕಡೆ ಮಾವ ತುಸು ಸಡಿಲ ಬಿಟ್ಟೇ ಮೊದಲ ಬುಷ್ಷು ಕೂಡಿಸಿದ. ಗಿರಣಿಯ ಮೇಸ್ತ್ರಿ ಹುಸೇನಪ್ಪ ದಂಡವನ್ನು ಹಿಡಿದು ಅಲ್ಲಾಡಿಸಿ, ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡ. ದೊಡ್ಡವ್ವ ತಾನೂ ಬಂದು ಅಲ್ಲಾಡಿಸಿದಳು.

“ಏನಲೇ ಪಂಪಾ, ಇದು ಮುದುಕನ ಹಲ್ಲಾಗೈತಲ್ಲ! ಇದಕ್ಕ ಡಿಪ್ಲೊಮಾ ಬ್ಯಾರೆ ಓದಬೇಕಾಗಿತ್ತಾ?”

ಹಮಾಲರು ನಕ್ಕರು. ಭತ್ತ ತೂರುವ ಹೆಂಗಸರು ನಕ್ಕರು. ನಾನೂ ನಕ್ಕೆ, ಮೇಸ್ತ್ರಿ ನಕ್ಕಮೇಲೆ ಮೇಡಂ ನಗದಿರಲು ಯಾವ ಕಾರಣವೂ ಇರಲಿಲ್ಲ. ಆಗ ಮಾವ ಏನು ಮಾಡಬೇಕಿತ್ತು? ನೈಲಾನು ನೀರು ಕುಡಿಯುತ್ತದೆ, ಸಡಿಲ ಬೇಕೇ ಬೇಕು ಎನ್ನಬೇಕಿತ್ತು. ನನಗೆ ವಾರಕ್ಕೊಮ್ಮೆ ಹೇಳಿದ ಮಾತನ್ನು ಅಕ್ಕನ ಮುಂದೆ ಒಂದೇ ಸಲ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು ಬಳ್ಳಾರಿಗೆ ಹೋಗಿ, ಹಿತ್ತಾಳೆಗೆ ಇರುವಷ್ಟೇ ಬಿಗಿಯಾಗಿ ಹೊಸ ಬುಷ್ಷುಗಳನ್ನು ಕೊರೆದು ತಂದು ಕೂಡಿಸಿದ. ಹುಸೇನಪ್ಪ ಅಲ್ಲಾಡಿಸಿ ನೋಡಿ, “ಈಗ ಬರೋಬ್ಬರಿ ಆತು ನೋಡ್ರಿ” ಎಂದ. ಮಾವ ಎದೆ ಉಬ್ಬಿಸಿದ. ಬುಷ್ಷುಗಳೂ ಉಬ್ಬಲು ತಯಾರಾಗಿದ್ದವು.

ಸುಗ್ಗಿಯ ನಡುವೆ, ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಭತ್ತ ಬಿದ್ದಿದ್ದಾಗ, ಹಬೆಯನ್ನೂ ನೀರನ್ನೂ ಕುಡಿದ ನೈಲಾನು ದಂಡವನ್ನು ಹಾವು ಇಲಿಯನ್ನು ಹಿಡಿದಂತೆ ಹಿಡಿಯಿತು. ಬೆಲ್ಟು ಹರಿಯಿತು, ಗಿರಣಿ ನಿಂತಿತು. ಉಬ್ಬಿದ ಬುಷ್ಷುಗಳನ್ನು ಕೊಯ್ದು ತೆಗೆದು ಹಿತ್ತಾಳೆ ಹಾಕುವಷ್ಟರಲ್ಲಿ ತೊಟ್ಟಿಯಲ್ಲಿ ನೆನೆದ ಭತ್ತ ಹುಳಿತುಹೋಯಿತು. ಹಾದಿಯಲ್ಲಿ ಹೋಗುವವರೆಲ್ಲ ಮೂಗು ಮುಚ್ಚಿಕೊಂಡು ಒಂದೊಂದು ಬುದ್ಧಿವಾದ ಹೇಳಿ ಹೋದರು. ಬುದ್ಧಿವಾದ ಹೇಳುವವರಿಗೆ ನಮ್ಮಲ್ಲಿ ಯಾವ ಸುಗ್ಗಿಯೂ ಬೇಕಾಗಿಲ್ಲ.

ಮಾವ ಬಂದು ಬಾಗಿಲಲ್ಲಿ ನಿಂತ. ದೊಡ್ಡವ್ವ ಅಂದು ತೆಲುಗಿಗೆ ಹೋಗಲೇ ಇಲ್ಲ, ದನಿಯನ್ನೂ ಏರಿಸಲಿಲ್ಲ. “ಮಂದಿ ಭತ್ತ ಪಂಪಾ. ನನ್ನದಲ್ಲ. ನನ್ನ ನಂಬಿ ಹಾಕಿದ್ರು,” ಎಂದಳು. “ನಡಿ. ನಾನು ಕರೆಯೋತನ ಬರಬ್ಯಾಡ.” ಅವಳು ಕಿರುಚದೆ ಬೈದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಾವನಿಗೆ ಬುದ್ಧಿ ಬಂತು ಎಂದುಕೊಂಡಿರಾ? “ಅಕ್ಕ ನಗಬಾರದಿತ್ತು” ಎಂದಷ್ಟೇ ಹೇಳಿ, ಭಾಷಣ ಮುಂದುವರಿಸಿದ. ನೀರಿನ ಜಾಗಕ್ಕೆ ಅಸಿಟಾಲು ಎಂಬ ಬೇರೆ ಪ್ಲಾಸ್ಟಿಕ್ಕು ಹಾಕಬೇಕಿತ್ತು, ಅದು ಉಬ್ಬುವುದಿಲ್ಲ ಎಂಬ ಹೊಸ ಅಧ್ಯಾಯವೊಂದು ಸೇರಿಕೊಂಡಿತು. ಶನಿವಾರಗಳು ಇನ್ನಷ್ಟು ಉದ್ದವಾದವು.

ಸಿರುಗುಪ್ಪದ ಗಿರಣಿಯಿಂದ ಮಾವನ ಸಾಮಾನೆಲ್ಲ ಹೊರಬಿತ್ತು, ಒಂದನ್ನು ಬಿಟ್ಟು. ಒಣಭತ್ತ ದೂಡುವ ಉದ್ದನೆಯ ತಿರುಪಿನ ತುದಿಗೆ ಅವನು ಕೂಡಿಸಿದ್ದ ಬಿಳಿ ನೈಲಾನಿನ ಗೇರು, ಅಂದರೆ ಹಲ್ಲಿನ ಗಾಲಿ, ಉಳಿಯಿತು. ಕಾರಣ ಕೇಳಿ. ಮುಂಚೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಹಲ್ಲು ಕಡಿಯುವ ಸಪ್ಪಳಕ್ಕೆ ದೊಡ್ಡವ್ವನ ಬೈಗುಳ ಅಂಗಳದ ಆಚೆ ತುದಿಗೆ ಮುಟ್ಟುತ್ತಿರಲಿಲ್ಲ. ನೈಲಾನು ಬಂದಮೇಲೆ ಮುಟ್ಟುತ್ತಿತ್ತು. ಇಂಥ ಅನುಕೂಲವನ್ನು ಯಾರು ಬಿಡುತ್ತಾರೆ?

ಎರಡು ಸುಗ್ಗಿ ಕಳೆದವು. ಅಕ್ಕತಮ್ಮಂದಿರ ನಡುವೆ ಮಾತಿಲ್ಲ. ಹಬ್ಬಕ್ಕೆ ಅವ್ವ ಇಬ್ಬರನ್ನೂ ಕರೆದರೆ ಒಬ್ಬರು ಬೆಳಿಗ್ಗೆ ಉಂಡು ಹೋಗುವರು, ಇನ್ನೊಬ್ಬರು ಸಂಜೆಗೆ ಬರುವರು.

ಅಂಥ ದಿನಗಳಲ್ಲೇ ಒಂದು ಭಾನುವಾರ ನಾನು ದೊಡ್ಡವ್ವನ ಗಿರಣಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವಳು ತಿರುಪಿನ ಹತ್ತಿರ ನಿಂತು ಯಾರನ್ನೋ ಬೈಯುತ್ತಿದ್ದಳು. ಬೈಗುಳ ಅರ್ಧಕ್ಕೆ ನಿಂತಿತು. ತಲೆ ಎತ್ತಿ ನೋಡಿದರೆ ಅವಳ ಸೆರಗು ತಿರುಗುವ ದಂಡಕ್ಕೆ ಸುತ್ತಿಕೊಂಡಿತ್ತು. ಅದು ಕೊರಳಿಗೆ ಉರುಳಾಗಿ ಅವಳನ್ನು ಎಳೆಯುತ್ತಿತ್ತು. ಬಲಗೈ ಆಗಲೇ ದಂಡಕ್ಕೆ ಒತ್ತಿಕೊಂಡಿತ್ತು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಹುಸೇನಪ್ಪ ಮೋಟರು ಆರಿಸಲು ಓಡಿದ. ಅವನು ಮುಟ್ಟುವ ಮೊದಲೇ ಕಡಲೆ ಹುರಿದಂತೆ ಪಟಪಟನೆ ಸಪ್ಪಳವಾಗಿ ದಂಡ ನಿಂತುಬಿಟ್ಟಿತು. ಮೋಟರು ತಿರುಗುತ್ತಲೇ ಇತ್ತು, ಕಬ್ಬಿಣದ ಗೇರು ತಿರುಗುತ್ತಲೇ ಇತ್ತು. ಅದಕ್ಕೆ ಜೊತೆಯಾಗಿದ್ದ ಬಿಳಿ ಗೇರಿನ ಹಲ್ಲುಗಳು ಮಾತ್ರ ಕಿತ್ತು ಭತ್ತದ ಮೇಲೆ ಚೆಲ್ಲಿದ್ದವು.

ಕುಡುಗೋಲಿನಿಂದ ಸೆರಗು ಕೊಯ್ದು ಅವಳನ್ನು ಬಿಡಿಸಿದೆವು. ಕೈ ಮುರಿದಿತ್ತು, ಕೊರಳ ಸುತ್ತ ಕೆಂಪು ಬರೆ. ಆದರೆ ಉಸಿರಿತ್ತು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿ, ಮನೆಗೆ ಕಳಿಸಿದರು. ಹುಸೇನಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಕಬ್ಬಿಣದ್ದಿದ್ರ ಕುತ್ತಿಗಿ ಬಿಡ್ತಿದ್ದಿಲ್ಲ ರೀ ಟೀಚರಮ್ಮಾ.”

ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಳ್ಳಾರಿಗೆ ಹೋಗಿ ಮಾವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನ ಬಾಯಿಂದ ಬಂದ ಮೊದಲ ಪ್ರಶ್ನೆ ಏನು ಗೊತ್ತೇ? “ಹಲ್ಲು ಬುಡಕ್ಕ ಮುರಿದ್ವೋ, ತುದೀಗೆ ಮುರಿದ್ವೋ?” ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅಂಗಡಿಗೆ ಬೀಗ ಹಾಕಲು ಎದ್ದವನಿಗೆ ಕೀಲಿ ತೂರಿಸಲು ಆಗಲಿಲ್ಲ. ಬೀಗ ನಾನೇ ಹಾಕಿದೆ.

ದೊಡ್ಡವ್ವ ಮಂಚದ ಮೇಲೆ ಒರಗಿದ್ದಳು. ಮಾವ ಬಾಗಿಲಲ್ಲೇ ನಿಂತ.

“ಕರೀಲಾರ್ದ ಬಂದೀಯಲ್ಲೋ,” ಎಂದಳು. ದನಿ ಗೊಗ್ಗರಾಗಿತ್ತು.

“ಹೂಂ.”

“ಎಂಥಾ ಮಾಲು ಕೊಟ್ಟೀಯಲೇ! ಒಂದು ಹೆಂಗಸಿನ ಭಾರ ತಡೀಲಿಲ್ಲ.”

ನಾನು ಕಾಯುತ್ತಿದ್ದೆ. ಯಾರಾದರೂ ಸರಿಯೇ, ‘ನನ್ನ ಗೇರು ನಿನ್ನ ಜೀವ ಉಳಿಸಿತಲ್ಲಕ್ಕಾ’ ಎನ್ನುವ ಹೊತ್ತು ಅದು. ಜನ್ಮದಲ್ಲಿ ಒಮ್ಮೆ ಸಿಗುವ ಗೆಲುವು. ಮಾವ ತಲೆ ತಗ್ಗಿಸಿ, “ಅದು ಮುರೀಬಾರದಿತ್ತಕ್ಕಾ. ಹಲ್ಲಿನ ಬುಡ ತೆಳ್ಳಗ ಕೊರದಿದ್ದೆ. ನನ್ನ ತಪ್ಪು,” ಎಂದ. ಅವನು ತನ್ನ ಸಾಮಾನಿನಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. ಒಪ್ಪಿಕೊಂಡ ದಿನವಾದರೂ ಎಂಥದು!

“ಮುರೀದಿದ್ರ ನಾನು ಸಾಯ್ತಿದ್ನಲ್ಲೋ ಮೂರ್ಖಾ!”

“ಅದು ಖರೆ,” ಎಂದ ಮಾವ. “ಆದ್ರೂ ಗೇರು ಅಂದಮ್ಯಾಲೆ...” ಎಂದು ಶುರುಮಾಡಿದವನು ಮುಗಿಸಲಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ.

ದೊಡ್ಡವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಸೂರು ನೋಡಿದಳು. ಕೊನೆಗೆ, “ಅಳೋದು ಸಾಕು. ಹಂಥಾದ್ದೇ ಇನ್ನೊಂದು ಮಾಡಿ ತಾ,” ಎಂದಳು. “ಇದಕ್ಕಿಂತ ಗಟ್ಟಿ ಮಾಡಿದಿ ಅಂದ್ರ ನೋಡು ಮತ್ತ.”

ಆಮೇಲೆ ಮಾವ ಆ ಗಿರಣಿಗೆ ಎಷ್ಟೋ ಗೇರು ಕೊರೆದುಕೊಟ್ಟ. ಪ್ರತಿಯೊಂದನ್ನೂ ಬೈದೇ ತೆಗೆದುಕೊಂಡಳು. ನೀರಿನ ಕಡೆ ಅಸಿಟಾಲು ಬಂತು. ಅದು ಉಬ್ಬಲಿಲ್ಲ, ಅದಕ್ಕೂ ಬೈಸಿಕೊಂಡಿತು. ಈಗ ಇಬ್ಬರೂ ಇಲ್ಲ. ಬಳ್ಳಾರಿಯ ಅಂಗಡಿಯಿದ್ದ ಜಾಗದಲ್ಲಿ ಮೊಬೈಲು ಮಾರುತ್ತಾರೆ. ಗಿರಣಿ ಬೇರೆಯವರ ಕೈ ಸೇರಿದೆ.

ಸಭೆ ಮುಗಿಸಿ ಮನೆಗೆ ಬಂದವಳಿಗೆ ಏನನ್ನಿಸಿತೋ, ಈ ವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಗಿರಣಿಯ ಬಾಗಿಲಲ್ಲಿ ನಿಂತು ಯಾರನ್ನು ಕೇಳಲಿ ಎಂದುಕೊಳ್ಳುತ್ತಿದ್ದಾಗ ಕೆಲಸದ ಹೆಂಗಸರ ಗುಂಪೊಂದು ಬಂತು. ಹೊಸ್ತಿಲು ದಾಟುವ ಮುಂಚೆ ಒಬ್ಬೊಬ್ಬಳೂ ನಿಂತು, ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಒಳಗೆ ಹೋದಳು.

ಹಿಂದುಳಿದವಳೊಬ್ಬಳನ್ನು ಕೇಳಿದೆ. “ಯಾಕವ್ವಾ ಹಂಗ?”

“ಯಾಕೋ ಗೊತ್ತಿಲ್ರೀ. ಈ ಗಿರ್ನ್ಯಾಗ ಮೊದಲಿಂದ ಹಂಗ ಐತಿ. ಸಿಗಿಸಿಕೊಳ್ಳಲಾರ್ದ ಒಳಗ ಹೋಗಬಾರದಂತ.” ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ನೀವೂ ಒಳಗ ಬರಾವ್ರಾದ್ರ ಸಿಗಿಸಿಕೊಳ್ರಿ ಅಮ್ಮಾ.”

ಕೈಚೀಲವನ್ನು ಕೆಳಗಿಟ್ಟು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ.