ಜಗಲಿಯ ಅಕ್ಕಿ, ಒಳಮನೆಯ ಅಕ್ಕಿ

ಆ ಅಕ್ಕಿಯ ಕಾಳಿನ ಬೆನ್ನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯೊಂದು ಉಳಿದಿತ್ತು, ಅದೂ ನಡುವೆ ತುಂಡಾಗಿ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಾಗಿದ್ದರೆ ಕಾಳಿನ ತುಂಬ ತವುಡಿನ ಕೆಂಪು ಹರಡಿರಬೇಕಿತ್ತು. ಆದರೆ ಅದನ್ನು ತುಂಬಿದ್ದ ಸೀಸೆಯ ಮೇಲೆ ‘ಎಕ್ಕಂಬಿ, ಮನೆಯಲ್ಲಿ ಕುಟ್ಟಿದ್ದು’ ಎಂದೇ ಮಾಷ್ಟರು ಚೀಟಿ ಅಂಟಿಸಿದ್ದರು.

ಮಾಷ್ಟರು ನನ್ನ ತಂದೆಯ ಸ್ನೇಹಿತರು, ರಸಾಯನಶಾಸ್ತ್ರ ಕಲಿಸುವವರು. ನಾನು ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ ಶಿರಸಿಗೆ ಮರಳಿದ್ದೆ. ಪೇಟೆಗೆ ಅಕ್ಕಿ ಗಿರಣಿ ಬಂದ ಮೇಲೆ ಸುತ್ತಲಿನ ಊಟ ಹೇಗೆ ಬದಲಾಗಿದೆಯೆಂದು ಇಬ್ಬರೂ ಸೇರಿ ವರದಿಯೊಂದನ್ನು ಬರೆಯುವುದೆಂದಾಯಿತು. ಅಕ್ಕಿಯಲ್ಲಿ ತವುಡಿನ ಅಂಶ ಎಷ್ಟು ಉಳಿದಿದೆಯೆಂದು ಅವರು ಪರೀಕ್ಷಿಸುವುದು. ಜನ ಯಂತ್ರವನ್ನು ಏಕೆ ಒಪ್ಪುತ್ತಾರೆ, ಏಕೆ ಒಲ್ಲೆನ್ನುತ್ತಾರೆ ಎಂದು ನಾನು ಕೇಳುವುದು. ಮೊದಲ ದಿನ ಗಿರಣಿಗೇ ಹೋದೆವು. “ಬರ್ರಿ ಅಕ್ಕೋರೆ, ತಲೆ ತುಂಬ ಸೆರಗು ಹೊದ್ಕೊಳ್ರಿ,” ಎಂದರು ಗಿರಣಿಯ ಸಾಹೇಬರು. “ನಿಮ್ಮ ಮಾಷ್ಟ್ರನ್ನ ನೋಡ್ರಿ, ತವುಡಿನ ಧೂಳು ಕೂತು ಒಂದೇ ಗಳಿಗೀಲಿ ಅಜ್ಜ ಆಗ್ಯಾರ!”

ಆಮೇಲೆ ಹೋದ ಮನೆಗಳಲ್ಲೆಲ್ಲ ಮಾಷ್ಟರು ಜಗಲಿಯಲ್ಲಿ ಗಂಡಸರೊಡನೆ ಕೂರುತ್ತಿದ್ದರು, ನಾನು ಒಳಮನೆಗೆ ಹೋಗುತ್ತಿದ್ದೆ. ಇಬ್ಬರು ಸೇರಿ ಒಂದು ವಿಷಯವನ್ನು ಅಭ್ಯಾಸ ಮಾಡುವುದೆಂದರೆ ಒಂದೇ ಮನೆಯನ್ನು ಎರಡು ಬಾಗಿಲಿಂದ ನೋಡುವುದೆಂದು ಆಗ ಅಂದುಕೊಂಡಿದ್ದೆ. ಎರಡು ಬಾಗಿಲುಗಳ ನಡುವೆ ಗೋಡೆಯೂ ಇರುತ್ತದೆಂಬುದು, ಓದುಗ ಮಿತ್ರರೆ, ನನ್ನಂತೆ ನಿಮಗೂ ಒಮ್ಮೊಮ್ಮೆ ಮರೆತುಹೋಗಬಹುದು.

ಎಕ್ಕಂಬಿ ಎಂಬ ಹಳ್ಳಿಯ ಹೆಗಡೆಯವರು ಜಗಲಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು: “ಗಿರಣಿ ಅಕ್ಕಿಲಿ ಎಂತ ಶಕ್ತಿ ಇದ್ದು ಮಾಷ್ಟ್ರೆ? ನಮ್ಮನೇಲಿ ಒನಕೆ ಸದ್ದು ನಿಂತಿದ್ದೇ ಇಲ್ಲೆ.” ಒಳಗಿಂದ ಧಪ್ ಧಪ್ ಎಂಬ ಸದ್ದು ಕೇಳುತ್ತಲೂ ಇತ್ತು. ಹೋಗಿ ನೋಡಿದರೆ ಅವರ ಹೆಂಡತಿ ಭಾಗೀರಥಕ್ಕ ಒರಳಿಗೆ ಒಂದು ಹಿಡಿ ಹೊಟ್ಟು ಹಾಕಿಕೊಂಡು ಎಡಗೈಯೊಂದರಲ್ಲೇ ಒನಕೆ ಎತ್ತಿ ಬಿಡುತ್ತಿದ್ದಳು.

“ಹೀಂಗೆ ನೋಡದು ಎಂತಕ್ಕೇ ಕೂಸೆ? ಸದ್ದು ಜಗಲಿಗೆ ಕೇಳಿದ್ರೆ ಸಾಕು,” ಎಂದು ನಕ್ಕಳು.

ಬಾವಿಕಟ್ಟೆಯಲ್ಲಿ ಜಾರಿ ಬಿದ್ದಂದಿನಿಂದ ಅವಳ ಬಲತೋಳು ಮೇಲೇಳುತ್ತಿರಲಿಲ್ಲ. ಹೆಗಡೆಯವರು ಊರಲ್ಲಿಲ್ಲದ ದಿನ ಭತ್ತ ಗಾಡಿಯಲ್ಲಿ ಗಿರಣಿಗೆ ಹೋಗಿ ಅಕ್ಕಿಯಾಗಿ ಬರುತ್ತಿತ್ತು. “ಕೈಲಾಗ್ತಿಲ್ಲೆ ಹೇಳಿ ಗೊತ್ತಾದ್ರೆ ಈ ಮನೇಲಿ ಇನ್ನೊಂದು ಮದುವೆ ಮಾತು ಶುರುವಾಗ್ತು,” ಎಂದಳು, ಆಗ ನಗಲಿಲ್ಲ. “ಇದೊಂದು ಬರೆಯಡ.”

ಬರೆಯುವುದಿಲ್ಲವೆಂದು ಮಾತು ಕೊಟ್ಟೆ. ಅದೇ ಹೊತ್ತಿಗೆ ಜಗಲಿಯಲ್ಲಿ ಹೆಗಡೆಯವರು ಪರೀಕ್ಷೆಗೆಂದು ಮಾಷ್ಟರಿಗೆ ಅದೇ ಗಿರಣಿ ಅಕ್ಕಿಯನ್ನು ಸೀಸೆ ತುಂಬ ಕೊಟ್ಟಿದ್ದರು.

ಕೆಲವು ವಾರಗಳ ಮೇಲೆ ಮಾಷ್ಟರು ಕರಡನ್ನು ಓದಿ ಹೇಳಿದರು. ಎಕ್ಕಂಬಿಯ ಹೆಂಗಸರು ಅತಿ ಜೋರಾಗಿ ಕುಟ್ಟಿ ಅಕ್ಕಿಯ ಸತ್ವವನ್ನೆಲ್ಲ ಕಳೆಯುತ್ತಾರೆ, ಹಗುರವಾಗಿ ಕುಟ್ಟುವುದನ್ನು ಅವರಿಗೆ ಕಲಿಸಬೇಕು ಎಂದು ಅದರಲ್ಲಿತ್ತು.

“ಆ ಏಟು ನಾನೇ ಕಿವಿಯಾರೆ ಕೇಳಿದ್ದೇನಮ್ಮ!”

“ಆ ಸೀಸೆಯೊಂದನ್ನು ಬಿಟ್ಟುಬಿಡಿ,” ಎಂದೆ.

“ಕಾರಣ?”

“ಹೇಳಲಾರೆ.”

“ಕಾರಣ ಹೇಳದೆ ಬಿಟ್ಟರೆ ನಮ್ಮ ಶಾಸ್ತ್ರದಲ್ಲಿ ಅದನ್ನು ಮೋಸ ಎನ್ನುತ್ತಾರೆ.”

“ಹಾಗಾದರೆ ನನ್ನ ಹೆಸರನ್ನು ತೆಗೆಯಿರಿ.”

“ತೆಗೆದರೆ ಅಕ್ಕಿ ಬದಲಾಗುತ್ತದೆಯೆ?” ಎಂದರು ಮಾಷ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅವರ ಮಾತು ಸರಿಯಾಗಿತ್ತು. ಅವರು ತಂದ ಅಕ್ಕಿ ಅವರದು. ಸುಡಬಹುದು, ತೂಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ನಾನು ತಂದದ್ದು ಮಾತು. ಅದು ನನ್ನ ಬಳಿ ಇದ್ದರೂ ನನ್ನದಲ್ಲ. ಹೇಳಿದರೆ ಭಾಗೀರಥಕ್ಕನ ಸಂಸಾರಕ್ಕೆ ಕೇಡು. ಹೇಳದಿದ್ದರೆ, ಏನೂ ಅರಿಯದ ಎಕ್ಕಂಬಿಯ ಹೆಂಗಸರ ಮೇಲೆಲ್ಲ ಒಂದು ಸುಳ್ಳು ಅಚ್ಚಾಗುತ್ತದೆ. ಈ ಎರಡರಲ್ಲಿ ಒಂದನ್ನು ಆರಿಸುವ ಅಧಿಕಾರ ನನಗೆ ಯಾವ ಪದವಿಯಿಂದ ಬಂತು? ಕೇಳಬೇಕಾದವಳು ಒಬ್ಬಳಿದ್ದಳು, ಅವಳನ್ನು ನಾವಿಬ್ಬರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಮೋಟಾರಿನಲ್ಲಿ ಎಕ್ಕಂಬಿಗೆ ಹೋಗಿ, ಹಿತ್ತಲ ಬಾಗಿಲಿಂದ ಒಳಹೊಕ್ಕು, ಕರಡಿನ ಆ ಭಾಗವನ್ನು ಭಾಗೀರಥಕ್ಕನಿಗೆ ಓದಿ ಹೇಳಿದೆ. ಬೇಡವೆಂದರೆ ವರದಿಯನ್ನೇ ಕೈಬಿಡುತ್ತೇನೆಂದೂ ಹೇಳಿದೆ. ಮೊದಲು ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಆಮೇಲೆ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ನೋಡಿದಳು. “ಈ ಕೈ ಜೋರಿಂದಾ?” ಎಂದಳು. ಜಗಲಿಯ ಕಡೆ ನೋಡಿ, “ಆನೇ ಹೇಳ್ತೆ. ನೀ ಬಾ,” ಎಂದು, ಗಂಡನಿಗೆ ತಾನೇ ಹೇಳಲು ಎದ್ದಳು. ಹೆಗಡೆಯವರು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಕರಡನ್ನು ಮಡಿಸಿಟ್ಟು, ಅವಳ ಹಿಂದೆ ಹೊಸಿಲು ದಾಟಿ, ಅವಳ ಬಲಗಡೆಗೆ ನಿಂತೆ.