ಫ್ಯಾನಿಗೆ ಕಟ್ಟಿದ ಹೂವು

ಬಾಡಿದ ಸೇವಂತಿಗೆಯ ವಾಸನೆ ಬಂದರೆ ಅದರ ಬೆನ್ನಿಗೇ ನನಗೆ ಸುಟ್ಟ ರಬ್ಬರಿನ ವಾಸನೆಯೂ ಬರುತ್ತದೆ. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮಜ್ಜನ ಮನೆ ಈಗಿಲ್ಲ. ಅದರ ಅಂಗಳವೂ, ಅಲ್ಲಿ ನಿಲ್ಲುತ್ತಿದ್ದ ಕಪ್ಪು ಕಾರೂ ಇಲ್ಲ. ಆ ಕಾರಿನ ಡ್ರೈವರ್ ಕೊಟ್ರಪ್ಪಣ್ಣ. ಒಂಬತ್ತು ವರ್ಷದವಳಾಗಿದ್ದ ನಾನು, ಅವರು ಬಾನೆಟ್ ಎತ್ತಿದಾಗಲೆಲ್ಲ ಪಕ್ಕದಲ್ಲಿ ನಿಲ್ಲುತ್ತಿದ್ದೆ. "ಎಂಜಿನ್ನಿನ ಬಿಸಿನೆಲ್ಲ ನೀರು ಹೊತ್ಕಂಡು ಈ ರೇಡಿಯೇಟರಿಗೆ ಬರ್ತೈತವ್ವಾ. ಹಿಂದಿರೋ ಫ್ಯಾನು ಹೊರಗಿನ ಗಾಳಿ ಎಳ್ಕಂಡು ಅದನ್ನ ಆರಿಸ್ತೈತೆ," ಎಂದು ತೋರಿಸಿದ್ದರು. ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತಿದ್ದದ್ದು ಒಂದೇ ರಬ್ಬರ್ ಬೆಲ್ಟು. "ಎಲ್ಲಾರೂ ಕಾರಿನ ಮಾರಿಗೆ ಹಾರ ಹಾಕ್ತಾರೆ. ಒಳಗೆ ದುಡಿಯೋ ಫ್ಯಾನಿಗೆ ಒಂದು ಹೂವು ಹಾಕೋರಿಲ್ಲ ನೋಡು," ಎಂದು ನಕ್ಕಿದ್ದರು.

ಆ ವರ್ಷದ ಆಯುಧಪೂಜೆಯಲ್ಲಿ ನಾನು ಹಾಕಿದೆ. ಅವರು ನೀರು ನೋಡಿ, ಬಾನೆಟ್ ತೆರೆದಿಟ್ಟು ಕುಂಕುಮ ತರಲು ಒಳಗೆ ಹೋದಾಗ, ಹತ್ತಿಯ ಮೂಟೆ ಕಟ್ಟುವ ಗಟ್ಟಿ ಹುರಿಯಲ್ಲಿ ಪೋಣಿಸಿದ ಸೇವಂತಿಗೆಯನ್ನು ಫ್ಯಾನಿನ ರೆಕ್ಕೆಗೆ ಸುತ್ತಿ, ನನ್ನ ರೂಢಿಯಂತೆ ಕೊನೆಗೆ ಎರಡು ಗಂಟು ಹಾಕಿದೆ. ಬಂದವರು ಒಳಗೆ ನೋಡದೆ ಬಾನೆಟ್ ಮುಚ್ಚಿ, ಮೇಲೆ ಕುಂಕುಮ ಹಚ್ಚಿದರು. ಪೂಜೆಯ ದಿನ ಕಾರು ಹೊರಡುವಂತಿರಲಿಲ್ಲ. ಮರುದಿನ ಹರಿಹರದ ಅತ್ತೆಗೆ ಬನ್ನಿ ಕೊಡಲು ಹೊರಟಾಗ ಕೊಟ್ರಪ್ಪಣ್ಣ ಬಾನೆಟ್ಟಿಗೆ ಕೈ ಹಾಕಿದರು. "ನಿನ್ನೇನೇ ನೋಡಿದ್ಯಲ್ಲೋ, ನಡಿ," ಎಂದರು ಅಜ್ಜ.

ಹರಿಹರ ಇನ್ನೇನು ಬಂತು ಎನ್ನುವಾಗ ಸುಟ್ಟ ರಬ್ಬರಿನ ವಾಸನೆಯ ಜೊತೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಕೊಟ್ರಪ್ಪಣ್ಣ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು.

"ಮುಚ್ಚಳ ತೆಗ್ದು ನೀರು ಹಾಕೋ," ಎಂದರು ಅಜ್ಜ.

"ಆರ್ಲಿ ತಡೀರಿ, ಸಾವ್ಕಾರ್ರೆ."

"ನಾ ಹೇಳಿದ್ದು ಕೇಳಿಸ್ಲಿಲ್ಲೇನು?"

ಕೊಟ್ರಪ್ಪಣ್ಣ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಕುದಿನೀರು ಚಿಮ್ಮಿ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಆಮೇಲೆ ಅವರು ಎಡಗೈಯಲ್ಲಿ ಒಳಗೆಲ್ಲ ತಡಕಿದರು. ಬೆಲ್ಟು ಕಳಚಿ ಬಿದ್ದಿತ್ತು. ಅದನ್ನು ಕಳಚಿದ ಹುರಿ, ಸೀದ ಎಸಳುಗಳ ಸಮೇತ, ಬೆಲ್ಟು ಓಡುವ ಪುಲ್ಲಿಯ ಚಕ್ರಕ್ಕೆ ಬಿಗಿದುಕೊಂಡಿತ್ತು. ಬಿಡಿಸಿ ಎಳೆದ ಹುರಿಯ ತುದಿಯಲ್ಲಿ ಎರಡು ಗಂಟು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹುರಿಯನ್ನು ಜೇಬಿಗೆ ಹಾಕಿಕೊಂಡರು.

"ಬೆಲ್ಟ್ ಸೈತ ನೋಡ್ಕಳ್ಳದ ಇವನೆಂಥ ಡ್ರೈವರು!" ಎಂದರು ಅಜ್ಜ.

"ಹೌದ್ರಿ. ನಂದೇ ತಪ್ಪು."

ನಾನು ರಸ್ತೆಬದಿಯಲ್ಲಿ ಮಡಿಲಿನ ಬನ್ನಿ ಎಲೆಗಳನ್ನು ನೋಡುತ್ತ ಕುಳಿತಿದ್ದೆ. ಬಾಯಿ ಬಿಡಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿದ ದಿನ, ಬ್ಯಾಂಡೇಜು ಸುತ್ತಿದ ಕೈ ಹೊತ್ತು ಅಂಗಳದಲ್ಲಿ ನಿಂತು "ಬರ್ತೀನವ್ವಾ" ಎಂದಾಗಲೂ ಬಾಯಿ ಬಿಡಲಿಲ್ಲ. ಅಜ್ಜ ಬದುಕಿದ್ದ ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಕೊಟ್ರಪ್ಪಣ್ಣನ ಹೆಸರು ಬಂದರೆ, ಬೇಜವಾಬ್ದಾರಿಯವನೆಂಬ ಮಾತು ಜೊತೆಗೇ ಬರುತ್ತಿತ್ತು. ಆಗಲೂ ನಾನು ಅಲ್ಲಿಯೇ ಇರುತ್ತಿದ್ದೆ.

ಈಗ ಹೇಳಿದರೆ ಕೇಳಬೇಕಾದವರು ಯಾರೂ ಉಳಿದಿಲ್ಲ. ಹೂ ಕಟ್ಟಿ ಮುಗಿಸುವಾಗ ನನ್ನ ಬೆರಳು ಇಂದಿಗೂ ತಾನಾಗಿ ಎರಡು ಗಂಟು ಹಾಕುತ್ತದೆ. ಎರಡನೆಯದನ್ನು ಕೂತು ಬಿಚ್ಚುತ್ತೇನೆ.