ಗುರುವಯ್ಯನ ಬಲಗಾಲು

ಬಾಳೂರಿನ ಹಾರೆಗುಡ್ಡೆ ಕಾಫಿ ಎಸ್ಟೇಟಿನ ಡ್ರೈವರ್ ಗುರುವಯ್ಯ ಮೂವತ್ತನಾಲ್ಕು ವರ್ಷ ಬರಿಗಾಲಲ್ಲೇ ಗಾಡಿ ಓಡಿಸಿದವನು. ಚಪ್ಪಲಿ ಇರಲಿಲ್ಲವೆಂದಲ್ಲ. ಜೀಪು ಹತ್ತಿದ ಕೂಡಲೇ ಬಿಚ್ಚಿ ಸೀಟಿನ ಕೆಳಗೆ ತಳ್ಳುತ್ತಿದ್ದ, ಇಳಿದ ಮೇಲೆ ಮೆಟ್ಟಿಕೊಳ್ಳುತ್ತಿದ್ದ. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ: "ಪೆಡಲ್ಲು ಅಂಗಾಲಿಗೆ ಗೊತ್ತಾಗ್ಬೇಕು ಮಾರಾಯ. ಕಣ್ಣಿಗೆ ರಸ್ತೆ ನೋಡೋ ಕೆಲ್ಸ ಇರ್ತದೆ."

ಈ ಮೂವತ್ತನಾಲ್ಕು ವರ್ಷದಲ್ಲಿ ಅವನ ಗಾಡಿಗೆ ಸಿಕ್ಕಿದ್ದು ಒಂದು ಕೋಳಿ. ಅದೂ ಸಂಸೆಯ ಹತ್ತಿರ. ಕೋಳಿಯ ಒಡತಿಯೇ ಮುಂದೆ ಬಂದು, ತಪ್ಪು ಕೋಳಿಯದೇ, ಅದು ಮೊದಲಿನಿಂದಲೂ ಹಾಗೆಯೇ ಎಂದು ಹೇಳಿ ಕಳಿಸಿದ್ದಳು. ಮಳೆಗಾಲದಲ್ಲಿ ಕಳಸದ ಕಡೆ ಹೊಳೆ ರಸ್ತೆಗೆ ಬಂದಿದೆಯೋ ಇಲ್ಲವೋ ಎಂಬ ವಿಚಾರದಲ್ಲಿ ಜನ ಟಿವಿಯನ್ನು ನಂಬದೆ ಗುರುವಯ್ಯನನ್ನು ಕೇಳುತ್ತಿದ್ದರು. ಅವನು ಇವತ್ತು ಬಸ್ಸು ಬರುವುದಿಲ್ಲ ಎಂದರೆ ನಿಲ್ದಾಣದಲ್ಲಿ ಕಾಯುತ್ತಿದ್ದವರು ಎದ್ದು ಮನೆಗೆ ಹೋಗುತ್ತಿದ್ದರು. ಬಸ್ಸು ಬಂದ ದಿನವೂ ಉಂಟು. ಆಗ ಜನ ಬಸ್ಸಿನ ಮೇಲೆ ಬೇಜಾರು ಮಾಡಿಕೊಂಡರೇ ಹೊರತು ಗುರುವಯ್ಯನ ಮೇಲಲ್ಲ.

ಅವನಿಗೆ ಅರವತ್ತೊಂದು ತುಂಬಿದ ವರ್ಷ ಎಸ್ಟೇಟಿನ ಸಾವ್ಕಾರರಾದ ಸೋಮಶೇಖರಪ್ಪನವರು ಹೊಸ ಕಾರು ತಂದರು. ಗೇರು ಹಾಕುವ ಕೆಲಸವಿಲ್ಲ, ಕ್ಲಚ್ಚೇ ಇಲ್ಲ, ಕೆಳಗೆ ಎರಡೇ ಪೆಡಲು. ಗುರುವಯ್ಯ ಬಗ್ಗಿ ನೋಡಿ, ಎಡಗಾಲನ್ನು ಎಲ್ಲಿಡುವುದೆಂದು ಕೇಳಿದ. ಸುಮ್ಮನೆ ಇಟ್ಟುಕೋ ಎಂದರು ಸಾವ್ಕಾರರು. ಅವರ ಹೆಂಡತಿ ಕಲ್ಲಮ್ಮನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಚಿಕ್ಕಮಗಳೂರಿನಿಂದ ಅವನಿಗೊಂದು ಜೊತೆ ಬಿಳಿ ಶೂ ತಂದುಕೊಟ್ಟರು. "ಇಷ್ಟು ಒಳ್ಳೆ ಕಾರಿಗೆ ಬರಿಗಾಲು ಚೆಂದ ಕಾಣಲ್ಲ ಗುರುವಯ್ಯ" ಎಂದರು. ಅಮ್ಮನವರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ನಾಲ್ಕು ತಿಂಗಳು ಆ ಶೂ ಹಾಕಿಕೊಂಡೇ ಓಡಿಸಿದ. ಹಾಸಿಗೆಯ ಮೇಲೆ ನಡೆದ ಹಾಗಾಗುತ್ತದೆ ಎಂದು ಮನೆಯಲ್ಲಿ ಹೆಂಡತಿ ರಾಮಮ್ಮನ ಹತ್ತಿರ ಮಾತ್ರ ಹೇಳಿದ್ದ.

ಆದದ್ದು ಜನವರಿಯ ಒಂದು ಇಳಿಹೊತ್ತಿನಲ್ಲಿ. ಕಲ್ಲಮ್ಮನವರನ್ನು ಕಳಸದಿಂದ ಕರೆದುಕೊಂಡು ಬರುವಾಗ, ಎಸ್ಟೇಟಿನೊಳಗೆ ಮೇಲಿರುವ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಯಂತ್ರದ ಒಂದು ಬೆಲ್ಟು ಕೊಡಬೇಕಿತ್ತು. ಗುರುವಯ್ಯ ಇಳಿದು ಹೋಗಿ ಕೊಟ್ಟುಬಂದ. ಕಾಫಿ ಸಿಪ್ಪೆಯ ಕೆಸರು ಶೂಗೆ ಮೆತ್ತಿತು. ಅಲ್ಲಿಂದ ಇಳಿಜಾರಿನಲ್ಲಿ ಸಾವ್ಕಾರರ ಮನೆಗೆ ಇನ್ನೂರು ಮಾರು. ಮನೆಯ ಎದುರೇ ಕಾಫಿ ಒಣಗಿಸುವ ಸಿಮೆಂಟಿನ ಕಣ. ಸಿಪ್ಪೆ ಸುಲಿದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಸಂಜೆಗೆ ರಾಶಿ ಮಾಡಿ ಹೆಂಗಸರು ಟಾರ್ಪಾಲು ತರಲು ಹೋಗಿದ್ದರು. ಗುರುವಯ್ಯ ಕಣದ ಅಂಚಿಗೆ ಬಂದು ನಿಲ್ಲಿಸಲೆಂದು ಬ್ರೇಕ್ ಒತ್ತಿದ. ಕಾರು ಮುಂದಕ್ಕೆ ಹಾರಿತು. ಇನ್ನೂ ಗಟ್ಟಿಯಾಗಿ ಒತ್ತಿದ. ಇನ್ನೂ ಜೋರಾಗಿ ಓಡಿತು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೈಯ ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟ. ಕಾರು ಕಣದ ಕಟ್ಟೆ ದಾಟಿ ಕಾಫಿರಾಶಿಗೆ ನುಗ್ಗಿ, ಗಾಜಿನವರೆಗೆ ಹೂತುಕೊಂಡು ನಿಂತಿತು.

ಯಾವುದಕ್ಕೆ ಕೈ ತಾಗಿತೋ, ವೈಪರು ಪಾರ್ಚ್‌ಮೆಂಟನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳತೊಡಗಿತು.

"ನಿಂತ್ತಾ ಗುರುವಯ್ಯ?" ಎಂದರು ಹಿಂದಿನ ಸೀಟಿನಿಂದ ಕಲ್ಲಮ್ಮನವರು.

"ನಿಂತ್ತು ಅಮ್ಮ."

ಅವನು ಕಾರು ಆಫ್ ಮಾಡಿದ. ಆಮೇಲೆ ಎರಡೂ ಶೂ ಬಿಚ್ಚಿ ಸೀಟಿನ ಕೆಳಗಿಟ್ಟು, ಬರಿಗಾಲಲ್ಲಿ ಕಣಕ್ಕಿಳಿದ. ಕಣದ ಕಾಫಿಯ ಮೇಲೆ ಚಪ್ಪಲಿ ಮೆಟ್ಟಿ ಯಾರೂ ನಡೆಯುವುದಿಲ್ಲ. ಸಾವ್ಕಾರರೂ ನಡೆಯುವುದಿಲ್ಲ. ಟಾರ್ಪಾಲು ಹಿಡಿದು ಓಡಿಬಂದ ಹುಚ್ಚಮ್ಮ, ಕಣದ ಹೆಂಗಸರ ಮೇಸ್ತ್ರಿ, ಇದನ್ನು ಕಣ್ಣಾರೆ ಕಂಡಳು. ರಾತ್ರಿಯೊಳಗೆ ಊರಿಗೆಲ್ಲ ಗೊತ್ತಾಯಿತು.

ಯಾರಿಗೂ ಒಂದು ಗಾಯವಿಲ್ಲ. ಆದರೆ ಕಾರು ಯಾಕೆ ಹಾಗೆ ಮಾಡಿತು ಎಂಬ ಪ್ರಶ್ನೆ ಉಳಿಯಿತು. ಗುರುವಯ್ಯನನ್ನು ಕೇಳಿದರು. "ನಾನು ಬ್ರೇಕೇ ಒತ್ತಿದ್ದು" ಎಂದ. ಅದು ಅವನ ಮಟ್ಟಿಗೆ ನಿಜವಾಗಿತ್ತು. ಬಾಳೂರಿನ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು. ಅನುಮಾನಪಟ್ಟ ಒಬ್ಬಿಬ್ಬರ ಬಾಯಿಯನ್ನು ಹುಚ್ಚಮ್ಮನೇ ಮುಚ್ಚಿಸಿದಳು. "ಅಂಥಾ ಹೊತ್ನಲ್ಲೂ ಶೂ ಬಿಚ್ಚಿ ಇಳ್ದ ಮನ್ಷ. ಅವನಿಗೆ ಬ್ರೇಕ್ ಯಾವ್ದು ಆಕ್ಸಿಲೇಟರ್ ಯಾವ್ದು ಗೊತ್ತಾಗ್ದೆ ಹೋಗ್ತದಾ?"

ಶೋರೂಮಿನಿಂದ ಅನಿಲ್ ಎಂಬ ಇಂಜಿನಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಕಾರಿಗೆ ವಯರು ಚುಚ್ಚಿ ನೋಡಿ, ಬ್ರೇಕು ಒತ್ತೇ ಇಲ್ಲ, ಆಕ್ಸಿಲೇಟರ್ ಪೂರ್ತಿ ಒತ್ತಲಾಗಿದೆ, ರೆಕಾರ್ಡಿನಲ್ಲಿದೆ ಎಂದ. ಸೋಮಶೇಖರಪ್ಪನವರಿಗೆ ಸಿಟ್ಟು ನೆತ್ತಿಗೇರಿತು.

"ಗುರುವಯ್ಯನ ಕಾಲನ್ನ ಮೂವತ್ತನಾಲ್ಕು ವರ್ಷದಿಂದ ನೋಡಿದೀನಿ. ನಿಮ್ಮ ಡಬ್ಬ ನೋಡಿ ಅರ್ಧ ಗಂಟೆ ಆಯ್ತು. ಯಾವುದನ್ನ ನಂಬ್ಲಿ ಹೇಳಿ."

ಅನಿಲ್ ಬುದ್ಧಿವಂತ. ಸಾವ್ಕಾರರ ಮುಖ ನೋಡಿದ, ಕಾರಿನ ಮುಖ ನೋಡಿದ. ಮುಂದುಗಡೆ ಎರಡು ಮಂಜಿನ ದೀಪ ಕಂಡವು. ಕಳಸದ ದಾರಿಯ ಮಂಜಿಗೆಂದು ಹಿಂದಿನ ವಾರವಷ್ಟೇ ಬಾಳೂರಿನ ಗ್ಯಾರೇಜಿನ ರವಿ ಹಾಕಿಕೊಟ್ಟಿದ್ದ. "ಹೊರಗಡೆ ವೈರಿಂಗ್ ಮಾಡ್ಸಿದೀರಿ. ಅದರಿಂದ ಸಿಸ್ಟಮ್ಮಿಗೆ ಏನು ಬೇಕಾದ್ರೂ ಆಗಿರ್ಬೋದು. ಜವಾಬ್ದಾರಿ ನಮ್ಮದಲ್ಲ" ಎಂದು ದೀಪ ಕಿತ್ತು ಡಿಕ್ಕಿಯಲ್ಲಿಟ್ಟು, ಕಾರನ್ನು ರಿಪೇರಿಗೆ ಎಳೆಸಿಕೊಂಡು ಹೋದ.

ಎಲ್ಲರಿಗೂ ನೆಮ್ಮದಿಯಾಯಿತು, ರವಿಯೊಬ್ಬನನ್ನು ಬಿಟ್ಟು. ಸಾವ್ಕಾರರು ಅವನ ಗ್ಯಾರೇಜಿನ ಮುಂದೆಯೇ ಹಳೇ ಜೀಪು ನಿಲ್ಲಿಸಿ, ಚಹಾದಂಗಡಿಯ ಜನ ಕೇಳುವ ಹಾಗೆ ಬೈದರು. ಡ್ರೈವರ್ ಸೀಟಿನಲ್ಲಿ ಗುರುವಯ್ಯ ಕೂತಿದ್ದ. ರವಿ ಕೈ ಒರೆಸಿಕೊಳ್ಳುತ್ತ ನಿಂತು ಕೇಳಿದ, ಎದುರು ಮಾತಾಡಲಿಲ್ಲ. ಮಾರನೆಯ ದಿನದಿಂದ ಸುತ್ತಿನ ಎಸ್ಟೇಟುಗಳ ಗಾಡಿಗಳು ಅವನ ಗ್ಯಾರೇಜು ದಾಟಿ ಮೂಡಿಗೆರೆಗೆ ಹೋಗತೊಡಗಿದವು. ಎರಡು ಬಾಗಿಲಿನ ಗ್ಯಾರೇಜಿನಲ್ಲಿ ಒಂದು ಬಾಗಿಲು ಮುಚ್ಚಿತು.

ಇತ್ತ ಕಲ್ಲಮ್ಮನವರು ಕಾರಿನಲ್ಲೇ ಉಳಿದಿದ್ದ ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹುಚ್ಚಮ್ಮನ ಕೈಲಿ ಗುರುವಯ್ಯನ ಮನೆಗೆ ಕಳಿಸಿದ್ದರು. ಅವು ಮಂಚದಡಿ ಮೂರು ವಾರ ಇದ್ದವು. ನೆಂಟರ ಮದುವೆಯೊಂದು ಬಂತೆಂದು ರಾಮಮ್ಮ ತೊಳೆಯಲು ತೆಗೆದಳು. ಕೊಡು, ನಾನೇ ತೊಳೆಯುತ್ತೇನೆ ಎಂದು ಗುರುವಯ್ಯ ಬಚ್ಚಲ ಕಲ್ಲಿನ ಮೇಲೆ ಕೂತು ಬಲಗಾಲಿನ ಶೂ ಮಗುಚಿದ.

ಸಿಪ್ಪೆಯ ಕೆಸರು ಅಟ್ಟೆಯಲ್ಲಿ ಗಟ್ಟಿಯಾಗಿ ಒಣಗಿತ್ತು. ಅದರ ನಡುವೆ ಒಂದು ಅಚ್ಚು. ಉದ್ದಕ್ಕೆ, ಕಿರಿದಾಗಿ, ಮೂರು ಗೆರೆ.

ಗುರುವಯ್ಯ ಆ ಕಾರಿನ ಪೆಡಲುಗಳನ್ನು ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಒರೆಸುತ್ತಿದ್ದವನು. ಬ್ರೇಕು ಅಗಲ, ಅದರ ಮೇಲೆ ಚೌಕ ಚೌಕದ ರಬ್ಬರ್ ಉಬ್ಬು. ಉದ್ದಕ್ಕೆ, ಕಿರಿದಾಗಿ, ಮೂರು ಗೆರೆ ಇರುವುದು ಆಕ್ಸಿಲೇಟರ್. ಮೈಭಾರವನ್ನೆಲ್ಲ ಬಿಟ್ಟು ಒತ್ತಿದ್ದ, ಅದು ಹಾಗೆಯೇ ಮೂಡಿತ್ತು. ಆಮೇಲೆ ಆ ಶೂ ನೆಲ ಮುಟ್ಟಿರಲಿಲ್ಲ.

ಬಹಳ ಹೊತ್ತು ನೀರಿನ ಸದ್ದು ಕೇಳದಿದ್ದಾಗ ರಾಮಮ್ಮ ಬಂದಳು. ಅವನು ತೋರಿಸಿದ. ಅವಳಿಗೆ ಕಾರಿನ ವಿಷಯ ಗೊತ್ತಿಲ್ಲ, ಗಂಡನ ಮುಖ ಗೊತ್ತು.

"ಯಾರಾರೂ ನೋಡಿದಾರಾ?"

"ಇಲ್ಲ."

"ಹಂಗಾರೆ ತೊಳೀರಿ. ತೊಳದ್ರೆ ಹೋಗ್ತದೆ."

ಅದು ಹೌದು. ಒಂದು ಚೊಂಬು ನೀರಿನ ಕೆಲಸ. ತೊಳೆದರೆ ಅವನು ಮೊದಲಿನ ಗುರುವಯ್ಯ, ಜೀಪಿನ ಕೀ ಅವನ ಕಿಸೆಯಲ್ಲೇ. ತೊಳೆಯದಿದ್ದರೆ ಅರವತ್ತೊಂದನೆಯ ವಯಸ್ಸಿನಲ್ಲಿ ಬ್ರೇಕು ಗುರುತು ಸಿಗದ ಡ್ರೈವರ್. ಹಾಗಾದವನ ಗಾಡಿಯಲ್ಲಿ ಯಾರು ಕೂರುತ್ತಾರೆ? ಅವನು ಶೂವನ್ನು ಮತ್ತೆ ಚೀಲಕ್ಕೆ ಹಾಕಿ ಮಂಚದಡಿ ಇಟ್ಟ. ಬೇರೆ ಚಪ್ಪಲಿಯಲ್ಲಿ ಮದುವೆಗೆ ಹೋಗಿಬಂದ. ಊಟದ ಪಂಕ್ತಿಯಲ್ಲಿ ಕೂತವರೂ ಕಾರಿನ ಕಥೆಯನ್ನೇ ಕೇಳಿದರು. ರವಿ ಹೀಗೆ ಮಾಡಬಾರದಿತ್ತು ಎಂದರು. ಗುರುವಯ್ಯ ಪಾಯಸ ಬಿಟ್ಟು ಎದ್ದ. ಅವನಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವನಿಗೆ ಹೊಸದು, ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ಸಾವ್ಕಾರರ ಮನೆಗೆ ಹೋದ. ಕಾರು ರಿಪೇರಿಯಾಗಿ ಬಂದು ಶೆಡ್ಡಿನಲ್ಲಿ ನಿಂತಿತ್ತು. ಸೋಮಶೇಖರಪ್ಪನವರು ಕಾಫಿ ಕುಡಿಯುತ್ತಿದ್ದರು.

"ಸಾವ್ಕಾರ್ರೆ, ಕಾರಿಂದು ತಪ್ಪಿಲ್ಲ. ರವೀದೂ ಇಲ್ಲ. ನನ್ನ ಕಾಲು."

ಸಾವ್ಕಾರರು ಲೋಟ ಕೆಳಗಿಡದೆ ನಕ್ಕರು. "ರವಿಗೋಸ್ಕರ ಹೇಳ್ತಿದೀಯ. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ?"

ಇಷ್ಟು ವರ್ಷ ಸಂಪಾದಿಸಿದ ಹೆಸರು ಈಗ ದಾರಿಗೆ ಅಡ್ಡ ನಿಂತಿತ್ತು. ಗುರುವಯ್ಯ ಶೂ ತೆಗೆದು ಮುಂದೆ ಹಿಡಿದ. "ಪೆಡಲ್ಲಿಗೆ ಹಿಡ್ದು ನೋಡಿ."

ಸಾವ್ಕಾರರು ಪಂಚೆ ಎತ್ತಿಕಟ್ಟಿ ಶೆಡ್ಡಿನ ನೆಲದಲ್ಲಿ ಮಂಡಿಯೂರಿದರು. ಕಾರಿನೊಳಗೆ ತಲೆ ತೂರಿಸಿ, ಮೊದಲು ಬ್ರೇಕಿಗೆ ಹಿಡಿದರು. ಆಮೇಲೆ ಪಕ್ಕದ್ದಕ್ಕೆ. ತಲೆ ಹೊರಗೆ ಬರಲಿಲ್ಲ.

"ಎಂತ ಆಯ್ತು?" ಎಂದರು ಹಿಂದಿನಿಂದ ಕಲ್ಲಮ್ಮನವರು.

"ಕೂರ್ತದೆ."

"ಯಾವುದಕ್ಕೆ?"

ಸಾವ್ಕಾರರು ಶೂವನ್ನು ಹೊರಗೆ ಚಾಚಿದರು. ಕಲ್ಲಮ್ಮನವರು ಶೂವನ್ನೇ ನೋಡುತ್ತ, ನಾನು ಇದನ್ನು ತರಬಾರದಿತ್ತು ಎಂದರು. "ಶೂ ಏನು ಮಾಡ್ತದೆ ಅಮ್ಮ. ಅದ್ರೊಳಗಿದ್ದಿದ್ದು ನನ್ನ ಕಾಲು" ಎಂದ ಗುರುವಯ್ಯ.

"ಆಯ್ತು, ರವಿಗೆ ಫೋನ್ ಮಾಡಿ ಹೇಳ್ತೀನಿ" ಎಂದರು ಸಾವ್ಕಾರರು ಎದ್ದು ಮಂಡಿ ಕೊಡವಿಕೊಳ್ಳುತ್ತ.

"ಫೋನಲ್ಲಿ ಬೇಡ. ಬೈದಿದ್ದು ಗ್ಯಾರೇಜಿನ ಮುಂದೆ."

ಸಾವ್ಕಾರರು ಅವನ ಮುಖ ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ಗುರುವಯ್ಯ ಅವರಿಗೆ ದಾರಿ ತೋರಿಸಿದ್ದುಂಟು, ಬುದ್ಧಿ ಹೇಳಿದ್ದಿಲ್ಲ. ರೂಢಿಯಂತೆ ಕಾರಿನ ಕೀಯನ್ನು ಅವನತ್ತ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವರೇ ಡ್ರೈವರ್ ಸೀಟಿಗೆ ಹತ್ತಿದರು.

ಗುರುವಯ್ಯ ಎಡಗಡೆಯ ಸೀಟಿನಲ್ಲಿ ಕೂತ. ಸಾವ್ಕಾರರ ಡ್ರೈವಿಂಗು ದೇವರಿಗೇ ಪ್ರೀತಿ. ಪ್ರತಿ ತಿರುವಿನಲ್ಲೂ ಗುರುವಯ್ಯನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಒಮ್ಮೆಯೂ ಅದು ಹೆಚ್ಚುಕಡಿಮೆ ಮಾಡಲಿಲ್ಲ, ಒತ್ತಬೇಕಾದಲ್ಲೇ ಒತ್ತಿತು.

ಗ್ಯಾರೇಜಿನಲ್ಲಿ ರವಿ ಒಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಕಾರು ಕಂಡು ಎದ್ದು ನಿಂತ. ಚಹಾದಂಗಡಿಯವರು ಇತ್ತ ತಿರುಗಿದರು. ಗುರುವಯ್ಯ ಇಳಿದು, ಹಿಂದೆ ಮುಂದೆ ನೋಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ರವಿ, ನಿನ್ನ ವೈರಿಂಗು ಸರಿ ಇತ್ತು. ನಾನು ಬ್ರೇಕ್ ಅಂದ್ಕಂಡು ಆಕ್ಸಿಲೇಟರ್ ಒತ್ತಿದ್ದೆ. ನಂಗೇ ಗೊತ್ತಾಗ್ಲಿಲ್ಲ ಮಾರಾಯ. ತಪ್ಪಾಯ್ತು."

ನಾನೂ ಹೀಗೆ ಎಲ್ಲರ ಮುಂದೆ ಬೈದದ್ದು ತಪ್ಪು ಎಂದು ಸಾವ್ಕಾರರು ಕಾರಿನೊಳಗಿಂದಲೇ ಸೇರಿಸಿದರು.

ರವಿ ಸೈಕಲ್ಲಿನ ವಾಲ್ವಿಗೆ ಟೊಪ್ಪಿ ಹಾಕಿ ತಿರುಗಿಸಿದ. ಆಮೇಲೆ ಹೇಳಿದ: "ನೀವು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತಲ್ಲ ಗುರುವಣ್ಣ. ಬ್ರೇಕೇ ಒತ್ತಿದ್ದು ಅಂದ್ರಲ್ಲ. ಹಂಗಾಗಿ ನಾನೇ ಎಲ್ಲೋ ತಪ್ಪು ವಯರು ಮುಟ್ಟಿರ್ಬೇಕು ಅಂತ ನಂಬ್ಕಂಡಿದ್ದೆ. ಅವತ್ತಿಂದ ಒಂದು ಗಾಡಿಗೂ ಲೈಟ್ ಹಾಕಿಲ್ಲ. ಬಂದೋರಿಗೂ ನಂಗೆ ಬರಲ್ಲ ಅಂದೆ."

ಬೈಗುಳಕ್ಕೆ ಗುರುವಯ್ಯ ತಯಾರಾಗಿ ಬಂದಿದ್ದ. ಇದಕ್ಕೆ ತಯಾರಾಗಿರಲಿಲ್ಲ. ಹೋಗಿ ಡಿಕ್ಕಿ ತೆಗೆದು, ಅನಿಲ್ ಕಿತ್ತಿಟ್ಟಿದ್ದ ಎರಡು ದೀಪಗಳನ್ನು ತಂದು ರವಿಯ ಕೈಗಿಟ್ಟ. "ಹಾಕು" ಎಂದ.

ರವಿ ಮುಚ್ಚಿದ್ದ ಇನ್ನೊಂದು ಬಾಗಿಲನ್ನೂ ಎತ್ತಿದ. ಮುಕ್ಕಾಲು ಗಂಟೆ ಹಿಡಿಯಿತು. ಗುರುವಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ ಸ್ಪ್ಯಾನರು ಕೊಟ್ಟ. ಚಹಾದಂಗಡಿಯವರು ಒಬ್ಬೊಬ್ಬರೇ ಬಂದು ಸುತ್ತ ನಿಂತರು. ದೀಪಗಳು ಹತ್ತಿದವು, ಬಿಸಿಲಿನಲ್ಲಿ ಅಷ್ಟೇನೂ ಕಾಣಲಿಲ್ಲ. ವೈರಿಂಗಿನ ಕೆಲಸವಾದ ಮೇಲೆ ಹಿಂದಿನ ಬ್ರೇಕ್ ಲೈಟುಗಳನ್ನೂ ಒಮ್ಮೆ ನೋಡುವುದು ರವಿಯ ಪದ್ಧತಿ. ಅವನು ಕಾರಿನ ಹಿಂದೆ ಹೋಗಿ ನಿಂತ.

"ಗುರುವಣ್ಣ, ಕೂತು ಒಂದ್ಸಲ ಬ್ರೇಕ್ ಒತ್ತಿ ನೋಡಣ."

ಸುತ್ತ ನಿಂತವರು ಸ್ವಲ್ಪ ಹಿಂದೆ ಸರಿದರು. ಇಂಜಿನ್ನು ಆಫ್ ಆಗಿತ್ತು, ಆದರೂ ಸರಿದರು. ಗುರುವಯ್ಯ ಅದನ್ನು ನೋಡಿದ. ಚಪ್ಪಲಿ ಬಿಚ್ಚಿ ಹತ್ತಿ ಕೂತ. ಬಲಗಾಲು ತನ್ನಷ್ಟಕ್ಕೆ ಹೊರಡುತ್ತಿತ್ತು, ಅವನು ತಡೆದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಒತ್ತುವ ಮುಂಚೆ ತಲೆ ಬಗ್ಗಿಸಿ, ಯಾವುದು ಅಗಲ, ಯಾವುದು ಉದ್ದ ಎಂದು ಕಣ್ಣಿಟ್ಟು ನೋಡಿದ. ನೋಡಿಕೊಂಡು ಕಾಲಿಟ್ಟ. ಚೌಕದ ಉಬ್ಬುಗಳು ಅಂಗಾಲಿಗೆ ತಾಗಿದವು. ಒತ್ತಿದ.

"ಹತ್ತಿತು" ಎಂದ ರವಿ ಹಿಂದಿನಿಂದ.

ಗುರುವಯ್ಯ ಕಾಲು ತೆಗೆಯಲಿಲ್ಲ.

"ಹತ್ತಿತು ಗುರುವಣ್ಣ, ಸಾಕು, ಬಿಡಿ" ಎಂದ ರವಿ.